ಒಳ್ಳೆಯವರು ಅಂತ ಬರೆದರೆ ಸಾಕಾ?

ಪ್ರಶ್ನೆ: ನಾವು ಹತ್ತು ಹನ್ನೆರಡು ಜನರ ಚಿಕ್ಕ ಗುಂಪು. ಯುದ್ಧದಿಂದ ತಪ್ಪಿಸಿಕೊಂಡು ಬಂದ ಒಂದು ಕುಟುಂಬದ ಆಶ್ರಯದ ಅರ್ಜಿ ತಿರಸ್ಕಾರವಾಗಿದೆ. ಸಹಿ ಸಂಗ್ರಹಿಸಿ, ಬೆಂಬಲದ ಪತ್ರ ಬರೆದು, ಅವರ ಫೋಟೊ ಹಾಕಿ ಜೋರಾಗಿ ಪ್ರಚಾರ ಮಾಡೋಣ ಅಂತಿದ್ದೇವೆ. ಉಪಯೋಗ ಆಗುತ್ತದಾ?

ಉತ್ತರ: ಸಹಿ ಹಾಗಿರಲಿ, ಮೊದಲು ತಿರಸ್ಕಾರದ ಪತ್ರದ ಮೇಲಿನ ತಾರೀಕು ನೋಡಿ. ಮೇಲ್ಮನವಿಗೆ ಕೆಲವು ಕಡೆ ಎರಡೇ ವಾರ ಸಮಯ ಇರುತ್ತದೆ. ಪ್ರಚಾರದ ಗಡಿಬಿಡಿಯಲ್ಲಿ ಅದು ದಾಟಿಹೋದರೆ ಎಷ್ಟು ಸಹಿ ಇದ್ದರೂ ಕಷ್ಟ. ಈ ವಿಷಯ ಬಲ್ಲ ವಕೀಲರನ್ನು ಹುಡುಕಿಕೊಡಿ. ಮಿಕ್ಕಿದ್ದೆಲ್ಲ ಆಮೇಲೆ.

ಫೋಟೊ ಸದ್ಯಕ್ಕೆ ಬೇಡ. ಅವರ ಅಪ್ಪ ಅಮ್ಮನೋ ತಮ್ಮನೋ ಇನ್ನೂ ಅಲ್ಲೇ ಇರಬಹುದು. ಇಲ್ಲಿ ಹಾಕಿದ ಚಿತ್ರ ಅಲ್ಲಿ ಯಾರ ಕಣ್ಣಿಗೆ ಬೀಳುತ್ತದೋ ಗೊತ್ತಿಲ್ಲ. ನೀವು ಕೇಳಿದರೆ ಅವರು ಹೂಂ ಅಂದುಬಿಡಬಹುದು. ಸಹಾಯ ಮಾಡುವವರಿಗೆ ಬೇಡ ಅನ್ನೋದು ಸುಲಭ ಅಲ್ಲ, ಅಲ್ವಾ? ವಕೀಲರ ಎದುರೇ ಕೇಳಿ. ಹೆಂಡತಿಯನ್ನು ಬೇರೆಯಾಗಿ ಕೇಳಿ.

ಇನ್ನು ಪತ್ರ. ಬಹಳಷ್ಟು ಪತ್ರಗಳಲ್ಲಿ ಇರುವುದು ಒಂದೇ ಮಾತು: ‘ತುಂಬಾ ಒಳ್ಳೆಯ ಕುಟುಂಬ, ದಯವಿಟ್ಟು ಉಳಿಸಿಕೊಳ್ಳಿ.’ ಆದರೆ ಅರ್ಜಿ ನಿಲ್ಲೋದು ಒಳ್ಳೆಯತನದ ಮೇಲಲ್ಲ. 1951ರ ನಿರಾಶ್ರಿತರ ಒಪ್ಪಂದ ಕೇಳುವುದು ಬೇರೆಯದನ್ನೇ: ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಒಂದು ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳ ಆಗಬಹುದು ಅನ್ನುವ ಭಯಕ್ಕೆ ಆಧಾರ ಇದೆಯಾ? ಬರೀ ‘ಅಲ್ಲಿ ಯುದ್ಧ ಇದೆ’ ಅಂದರೆ ಈ ಒಪ್ಪಂದದಲ್ಲಿ ಸಾಲದೇ ಹೋಗಬಹುದು. ಆಗ ಅಪಾಯ ಇರುವ ಕಡೆಗೆ ವಾಪಸ್ ಕಳಿಸಬಾರದು ಅನ್ನುವ ಬೇರೆ ಕಾನೂನುಗಳು ಕೈಹಿಡಿಯುತ್ತವಾ ಅಂತ ವಕೀಲರು ನೋಡುತ್ತಾರೆ.

ಹಾಗಂತ ಪತ್ರ ದಂಡ ಅಲ್ಲ. ಬಂಧನದಿಂದ ಬಿಡಿಸಲು, ಅವರು ಇಲ್ಲೇ ಬೇರು ಬಿಟ್ಟಿದ್ದಾರೆ ಅಂತ ತೋರಿಸಲು ಬೇಕಾಗುತ್ತದೆ. ನೀವೇ ಕಂಡದ್ದನ್ನು ಬರೆಯಿರಿ: ‘ಮಾರ್ಚ್‌ನಿಂದ ಪ್ರತಿ ಮಂಗಳವಾರ ಭಾಷೆಯ ತರಗತಿಗೆ ಬರುತ್ತಿದ್ದಾರೆ, ಮಗಳಿಗೆ ಜ್ವರ ಬಂದಾಗ ಎರಡು ಸಲ ತಪ್ಪಿಸಿದರು.’ ಅವರು ಓಡಿಬಂದ ಕಥೆಯನ್ನು ಮಾತ್ರ ನಿಮ್ಮ ಮಾತಲ್ಲಿ ಹೇಳಬೇಡಿ. ಅವರು ಸಂದರ್ಶನದಲ್ಲಿ ‘ರಾತ್ರಿ ಹೊರಟೆವು’ ಅಂದಿದ್ದು, ನೀವು ‘ಬೆಳಗ್ಗೆ’ ಅಂತ ಬರೆದರೆ, ಸುಳ್ಳು ಹೇಳುತ್ತಿದ್ದಾರೆ ಅನ್ನಲು ಅಷ್ಟೇ ಸಾಕು. ಒಳ್ಳೆಯ ಮನಸ್ಸಿನಿಂದ ಆಗುವ ದೊಡ್ಡ ಎಡವಟ್ಟು ಇದೇ.

ಗುಂಪಾಗಿ ಸರ್ಕಾರವನ್ನು ಒತ್ತಾಯಿಸುವಾಗ ‘ನಾವು ಇಷ್ಟು ಹೊರುತ್ತೇವೆ’ ಅಂದರೆ ಮಾತಿಗೆ ತೂಕ ಜಾಸ್ತಿ. ಕೆನಡಾದಲ್ಲಿ 1979ರಲ್ಲಿ ಹೀಗೇ ಆಯಿತು. ಚರ್ಚುಗಳು, ಅಕ್ಕಪಕ್ಕದ ಮನೆಯವರು, ಐದೈದು ಜನರ ಗುಂಪುಗಳು ಆಗ್ನೇಯ ಏಷ್ಯಾದ ನಿರಾಶ್ರಿತರ ಮೊದಲ ವರ್ಷದ ಖರ್ಚು ವಹಿಸಿಕೊಂಡವು. ಜನ ಒಬ್ಬರನ್ನು ಕರೆಸಿದರೆ ತಾನೂ ಒಬ್ಬರನ್ನು ಕರೆಸುತ್ತೇನೆ ಅಂತ ಸರ್ಕಾರ ಒಪ್ಪಿತು. ಕೊನೆಗೆ ಬಂದ ಸುಮಾರು 60,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರನ್ನು ಕರೆಸಿಕೊಂಡದ್ದು ಇಂಥ ಗುಂಪುಗಳೇ.

ನಿಮ್ಮ ಹನ್ನೆರಡು ಜನರಲ್ಲಿ ಇಬ್ಬರು ವಿಚಾರಣೆಯ ದಿನ ಜೊತೆಗೆ ಹೋಗಿ ಹಿಂದೆ ಕೂತಿರಿ. ಇನ್ನೊಬ್ಬರು ಆವತ್ತು ಮಕ್ಕಳನ್ನು ನೋಡಿಕೊಳ್ಳಲಿ. ಸಹಿ ಸಂಗ್ರಹದ ಮಾತು ಬಂದಾಗ ವಕೀಲರು ಬೇಡ ಅಂದರೆ, ಬೇಡ.