ದಾರಿಗೆ ಅಡ್ಡ ಕೂತ ಬೆಕ್ಕು

ಅತ್ತೆ–ಸೊಸೆ ಮನಸ್ತಾಪ ಎಂದು ನನ್ನಲ್ಲಿಗೆ ಬರುವವರ ಮಾತಿನಲ್ಲಿ ಈಚೆಗೆ ನಾಯಿ, ಬೆಕ್ಕು ಪದೇಪದೇ ಬರುತ್ತಿವೆ. ಅದೆಲ್ಲ ನೆಪ, ನಿಜವಾದ ಸಮಸ್ಯೆ ಬೇರೆಯೇ ಇರುತ್ತದೆ ಎನ್ನುವ ಸಲಹೆಗಾರರಿದ್ದಾರೆ. ನಾನು ಒಪ್ಪುವುದಿಲ್ಲ. ಬೆಕ್ಕಿನ ದೂರು ತಂದವರಿಗೆ ಮೊದಲು ಬೆಕ್ಕಿನ ಬಗ್ಗೆಯೇ ಉತ್ತರ ಸಿಗಬೇಕು. ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ.

ಮೈಸೂರಿನಲ್ಲಿ ಎರಡು ಕೋಣೆಯ ಮನೆ. ಗಂಡ ತೀರಿಕೊಂಡ ಮೇಲೆ ಅತ್ತೆ ತಮ್ಮ ಮುದಿ ಹೆಣ್ಣುಬೆಕ್ಕಿನ ಜೊತೆ ಮಗನ ಮನೆ ಸೇರಿದ್ದರು. ಸೊಸೆ ಸಾಕಿದ್ದು ಮೂರು ವರ್ಷದ ಗಂಡುಬೆಕ್ಕು. ಕೆಲವು ತಿಂಗಳಲ್ಲೇ ಮುದಿ ಬೆಕ್ಕು ಅತ್ತೆಯ ಹಾಸಿಗೆಯ ಮೇಲೆ ಉಚ್ಚೆ ಹೊಯ್ಯಲು ಶುರುಮಾಡಿತು. ಮನೆ ನಾರುತ್ತದೆ ಎಂದು ಸೊಸೆ, ಊರಿಗೆ ಹೊರಟುಹೋಗುತ್ತೇನೆ ಎಂದು ಅತ್ತೆ.

ಮೊದಲು ಪಶುವೈದ್ಯರ ಹತ್ತಿರ ಕಳಿಸಿದೆ. ಕಂಡಲ್ಲಿ ಉಚ್ಚೆ ಹೊಯ್ಯುವ ಬೆಕ್ಕಿಗೆ ಮೂತ್ರಕೋಶದ ಕಾಯಿಲೆ ಇರಬಹುದು. ಗಂಡು ಬೆಕ್ಕಿಗಂತೂ ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ. ಅಲ್ಲಿ ಆಪ್ತಸಲಹೆಗೆ ಕೆಲಸವಿಲ್ಲ. ಈ ಬೆಕ್ಕಿಗೆ ಏನೂ ಕಾಯಿಲೆ ಇರಲಿಲ್ಲ.

ಮುಂದಿನ ಭೇಟಿಗೆ ಮೂವರೂ ಬಂದರು. ಬೆಕ್ಕುಗಳು ಕಚ್ಚಾಡುತ್ತವೆಯೇ ಎಂದು ಕೇಳಿದೆ. "ಇಲ್ಲ ಮೇಡಂ, ಒಂದು ದಿನಾನೂ ಇಲ್ಲ" ಎಂದ ಮಗ. "ನಮ್ಮದು ಬಚ್ಚಲುಮನೆ ಬಾಗಿಲಲ್ಲಿ ಕೂತು ಅದನ್ನ ಸುಮ್ಮನೆ ನೋಡ್ತಾ ಇರುತ್ತೆ, ಅಷ್ಟೇ. ಅದು ತಾನಾಗೇ ವಾಪಸ್ ಹೋಗುತ್ತೆ."

ಬೆಕ್ಕುಗಳು ಮಲಮೂತ್ರಕ್ಕೆ ಬಳಸುವ ಮರಳಿನ ಟ್ರೇ ಎಲ್ಲಿದೆ ಎಂದೆ. ಬಚ್ಚಲುಮನೆಯ ಒಳಗೆ. ಒಂದೇ ಟ್ರೇ.

ಆ ಮನೆಯವರು ಶಾಂತಿ ಎಂದುಕೊಂಡಿದ್ದೇ ಜಗಳವಾಗಿತ್ತು. ಬೆಕ್ಕು ಒಂಟಿಯಾಗಿ ಬೇಟೆಯಾಡುವ ಆಫ್ರಿಕಾದ ಕಾಡುಬೆಕ್ಕಿನ ವಂಶದ್ದು. ಗಾಯವಾದರೆ ಬೇಟೆಯಿಲ್ಲ, ಬೇಟೆಯಿಲ್ಲದಿದ್ದರೆ ಉಪವಾಸ. ಹಾಗಾಗಿ ಮೈಮೇಲೆ ಬೀಳುವುದನ್ನು ಆದಷ್ಟೂ ತಪ್ಪಿಸಿಕೊಂಡು, ಕಣ್ಣಲ್ಲಿ, ಬಾಲದಲ್ಲಿ, ಗುರುಗುಟ್ಟುವ ದನಿಯಲ್ಲಿ ವ್ಯಾಜ್ಯ ಮುಗಿಸುತ್ತದೆ. ರೆಪ್ಪೆ ಬಡಿಯದೆ ದಿಟ್ಟಿಸುವುದು ಬೆದರಿಕೆ. ಜರ್ಮನಿಯ ಪ್ರಾಣಿವರ್ತನೆ ವಿಜ್ಞಾನಿ ಪಾಲ್ ಲೇಹೌಸನ್ ಗಮನಿಸಿದಂತೆ, ಒಂದೇ ದಾರಿಯನ್ನು ಹಲವು ಬೆಕ್ಕುಗಳು ಬೇರೆಬೇರೆ ಹೊತ್ತಿನಲ್ಲಿ ಬಳಸುತ್ತವೆ. ಒಂದು ದಾರಿಯಲ್ಲಿದ್ದರೆ ಇನ್ನೊಂದು ಕಾದು ಕೂರುತ್ತದೆ. ಎಲ್ಲ ಕಾಲಕ್ಕೂ ಎಲ್ಲ ಜಾಗಕ್ಕೂ ಒಬ್ಬನೇ ಯಜಮಾನ ಎಂಬುದು ಅವುಗಳಲ್ಲಿಲ್ಲ. ಬಹಳ ಒಳ್ಳೆಯ ವ್ಯವಸ್ಥೆ ಇದು, ಆದರೆ ಕಾಯುವ ಬೆಕ್ಕಿಗೆ ಇನ್ನೊಂದು ದಾರಿ ಇದ್ದಾಗ ಮಾತ್ರ. ಟ್ರೇ ಒಂದೇ, ಬಾಗಿಲು ಒಂದೇ ಆದರೆ ಅದು ಸರದಿಯಾಗಿ ಉಳಿಯುವುದಿಲ್ಲ, ದಬ್ಬಾಳಿಕೆಯಾಗುತ್ತದೆ.

ಮೂರು ಟ್ರೇ ಇಡಲು ಹೇಳಿದೆ: ಬೆಕ್ಕಿಗೊಂದರಂತೆ ಎರಡು, ಹೆಚ್ಚಿಗೆ ಇನ್ನೊಂದು. ಅವುಗಳಲ್ಲಿ ಒಂದು ಅತ್ತೆಯ ಕೋಣೆಯಲ್ಲಿ ಇರಲೇಬೇಕು. ಊಟ, ನೀರು ಒಂದರ ಕಣ್ಣಿಗೆ ಇನ್ನೊಂದು ಬೀಳದ ಕಡೆ. ಏರಿ ಕೂರಲು ಎರಡು ಎತ್ತರದ ಜಾಗ. ಎರಡೂ ಬೆಕ್ಕಿನ ಕೆನ್ನೆ ಒರೆಸಿದ ಬಟ್ಟೆಗಳನ್ನು ಅದಲುಬದಲು ಮಾಡಿ ಹಾಸಬೇಕು, ಮನೆಗೆ ಒಂದೇ ವಾಸನೆ ಬರಲಿ ಎಂದು. ಹೊಂದಿಕೊಂಡ ಬೆಕ್ಕುಗಳು ಮೈಗೆ ಮೈ ಉಜ್ಜಿ ತಾವೇ ಮಾಡುವ ಕೆಲಸವಿದು. ಮಗ ರಾಜಿ ಮಾಡಿಸುತ್ತೇನೆಂದು ಎರಡನ್ನೂ ಒಂದೇ ತಟ್ಟೆಯ ಮುಂದೆ ಹಿಡಿದು ಕೂರಿಸುತ್ತಿದ್ದ. ಅದನ್ನು ಅಂದೇ ನಿಲ್ಲಿಸಲು ಹೇಳಿದೆ.

ಅಷ್ಟರಲ್ಲಿ ಅತ್ತೆ ಮೆಲ್ಲಗೆ ಅಂದರು: "ನಾನೂ ಹಂಗೇ ಮೇಡಂ. ಇವಳು ಆಫೀಸಿಗೆ ಹೋದ ಮೇಲೇ ಅಡುಗೆಮನೆಗೆ ಹೋಗೋದು."

ಸೊಸೆ ಅವರತ್ತ ತಿರುಗಿ, "ನಾನು ಯಾವತ್ತು ಬೇಡ ಅಂದೆ ಅತ್ತೆ?" ಎಂದಳು. ಅವಳ ದನಿಯಲ್ಲಿದ್ದದ್ದು ಸಿಟ್ಟಲ್ಲ, ಗಾಬರಿ.

ಅಲ್ಲೇ ಇಬ್ಬರ ಕೈಹಿಡಿಸಿ "ಇನ್ಮೇಲೆ ತಾಯಿ–ಮಗಳ ಹಾಗಿರಿ" ಅನ್ನಬೇಕಿತ್ತು ಎಂದು ನನ್ನ ಸಹೋದ್ಯೋಗಿಯೊಬ್ಬರ ಅಭಿಪ್ರಾಯ. ನನಗೆ ಹಾಗನ್ನಿಸುವುದಿಲ್ಲ. ಒಂದೇ ಅಡುಗೆಮನೆಯನ್ನು ಇಬ್ಬರು ಹೆಂಗಸರು ಬೇರೆ ಹೊತ್ತಿನಲ್ಲಿ ಬಳಸಿದರೆ ಸಂಬಂಧ ಮುರಿದುಬಿತ್ತು ಎಂದಲ್ಲ. ಬಲವಂತದ ಆತ್ಮೀಯತೆ ಎಷ್ಟು ಮನೆಗಳನ್ನು ಹಾಳುಮಾಡಿದೆ ಎಂದು ಈ ಕೆಲಸದಲ್ಲಿ ಕಣ್ಣಾರೆ ಕಂಡಿದ್ದೇನೆ. ನಾನು ಅತ್ತೆಗೆ ಕೇಳಿದ್ದು ಇಷ್ಟೇ: ನೀವು ಬೇಕೆಂದು ತಡವಾಗಿ ಹೋಗುತ್ತೀರೋ, ಹೆದರಿ ಹೋಗುತ್ತೀರೋ? ಹೆದರಿ ಎಂದರು. ಹಾಗಾದರೆ ಹೊತ್ತನ್ನು ಇಬ್ಬರೂ ಕೂತು ಬಾಯಿಬಿಟ್ಟು ನಿಗದಿ ಮಾಡಿಕೊಳ್ಳಿ ಎಂದೆ. ಜಗಳದ ನಂತರ ಸಮಾಧಾನ ಹೇಳಿಕೊಳ್ಳುವ ರೂಢಿ ಬೆಕ್ಕುಗಳಲ್ಲಿ ಕಾಣುವುದೇ ಅಪರೂಪ. ಅವಕ್ಕೆ ದೂರವೇ ಪರಿಹಾರ. ಮನುಷ್ಯರಿಗೆ ಮಾತಿದೆ, ಬಳಸಬೇಕು.

ಹಾಸಿಗೆ ಒದ್ದೆಯಾಗುವುದು ಕೆಲವೇ ವಾರಗಳಲ್ಲಿ ನಿಂತಿತು. ಬೆಕ್ಕುಗಳು ಇವತ್ತಿಗೂ ಒಂದರ ಪಕ್ಕ ಒಂದು ಮಲಗುವುದಿಲ್ಲ. ಬೆಳಗಿನ ಕಾಫಿ, ತಿಂಡಿ ಅತ್ತೆಯದು, ರಾತ್ರಿ ಅಡುಗೆ ಸೊಸೆಯದು ಎಂದು ಮಾತಾಗಿದೆ. ಭಾನುವಾರದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಅದಕ್ಕೆ ಮುಂದಿನ ತಿಂಗಳು ಇಬ್ಬರೇ ಬರುತ್ತಾರೆ.