ಪಾಯಿಂಟು ಟಿಕೆಟ್ಟಿಗೆ, ದುಡ್ಡು ಡೈವಿಂಗಿಗೆ

ಓದುಗರ ಹಣಕಾಸಿನ ಪ್ರಶ್ನೆಗಳಿಗೆ ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಉತ್ತರ. ಇವರು ಸ್ಕೂಬಾ ಡೈವಿಂಗ್ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು) ಕಲಿತವರೂ ಹೌದು.

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಟೀಚರ್. ಹೋದ ವರ್ಷ ಮನೆ ಕಟ್ಟಿಸುವಾಗ ಕಬ್ಬಿಣ, ಟೈಲ್ಸು, ಬಾತ್‌ರೂಮ್ ಸಾಮಾನು ಎಲ್ಲ ಕ್ರೆಡಿಟ್ ಕಾರ್ಡಿನಲ್ಲೇ ಕೊಂಡು ತಿಂಗಳು ತಿಂಗಳೂ ಪೂರ್ತಿ ಬಿಲ್ಲು ಕಟ್ಟಿದೆವು. ಕಾರ್ಡು ಬಳಸಿದ್ದಕ್ಕೆ ಬ್ಯಾಂಕು ಕೊಡುವ ರಿವಾರ್ಡ್ ಪಾಯಿಂಟು ಈಗ 60,000 ಕೂತಿದೆ. ಅಂಡಮಾನಿಗೆ ಹೋಗಿ ಸ್ಕೂಬಾ ಡೈವಿಂಗ್ ಕೋರ್ಸ್ ಮಾಡಬೇಕೆನ್ನುವುದು ನನ್ನ ಬಹಳ ದಿನದ ಆಸೆ. ನಮ್ಮ ಮನೆಯವರು ಒಂದು ಸಲ ಇಳಿದು ನೋಡಿದರೆ ಸಾಕು ಅಂತಾರೆ. ಕೈಯಲ್ಲಿ 95,000 ರೂಪಾಯಿ ಇದೆ, ಸಾಲ ಮಾಡುವುದಿಲ್ಲ. ಕಾರ್ಡಿನ ಪಾಯಿಂಟು ದರಗಳನ್ನೂ ನಾವು ವಿಚಾರಿಸಿದ ಬೆಲೆಗಳನ್ನೂ ಇದರೊಂದಿಗೆ ಕಳಿಸಿದ್ದೇನೆ. ಇಷ್ಟರಲ್ಲಿ ಆಗುತ್ತದೆಯೇ? ಒಂದು ಕಡೆ 21,000ಕ್ಕೆ ಎರಡೇ ದಿನದಲ್ಲಿ ಕೋರ್ಸ್ ಮುಗಿಸಿಕೊಡುತ್ತೇವೆ ಅಂದಿದ್ದಾರೆ. ಅದನ್ನು ಹಿಡಿಯಲೇ?

ಉತ್ತರ: ಆಗುತ್ತದೆ. ಪತ್ರ ಓದಿ ಬಹಳ ಖುಷಿಯಾಯಿತು. ನಿಮ್ಮ ಆಸೆಗೇ ಅಂತ ಇಷ್ಟು ದುಡ್ಡು ಎತ್ತಿಟ್ಟಿದ್ದೀರಲ್ಲ, ಅದನ್ನು ಬೇರೆ ಯಾವುದಕ್ಕೂ ತಿರುಗಿಸಬೇಡಿ.

ಮೊದಲು ಪಾಯಿಂಟಿನ ಲೆಕ್ಕ. ನೀವು ಕಳಿಸಿದ ಪಟ್ಟಿಯ ಪ್ರಕಾರ ಬಿಲ್ಲಿಗೆ ಜಮಾ ಮಾಡಿಸಿಕೊಂಡರೆ ಪಾಯಿಂಟಿಗೆ 20 ಪೈಸೆ, ಗಿಫ್ಟ್ ವೋಚರ್ ತೆಗೆದುಕೊಂಡರೆ 25 ಪೈಸೆ, ಬ್ಯಾಂಕಿನ ವೆಬ್‌ಸೈಟಿನಲ್ಲೇ ವಿಮಾನ ಅಥವಾ ಹೋಟೆಲ್ ಬುಕ್ ಮಾಡಿದರೆ 50 ಪೈಸೆ. ಅಂದರೆ ಅದೇ 60,000 ಪಾಯಿಂಟು ಒಂದು ಕಡೆ 12,000 ರೂಪಾಯಿ, ಇನ್ನೊಂದು ಕಡೆ 30,000 ರೂಪಾಯಿ. ಮಿಕ್ಸಿ, ಕುಕ್ಕರ್ ಸೆಟ್ಟು ತೋರಿಸುವ ಕ್ಯಾಟಲಾಗ್ ಕಡೆ ತಿರುಗಿಯೂ ನೋಡಬೇಡಿ. ಪಾಯಿಂಟಿಗೆ ವಾಯಿದೆ ಇರುತ್ತದೆ. ಮನೆ ಕಟ್ಟಿದ ಕಾಲದ ಪಾಯಿಂಟು ಯಾವ ತಿಂಗಳು ಲ್ಯಾಪ್ಸ್ ಆಗುತ್ತದೆ ಎಂದು ಇವತ್ತೇ ಆ್ಯಪ್‌ನಲ್ಲಿ ನೋಡಿ.

ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಬುಕಿಂಗ್ ಮೊತ್ತದ ಶೇ. 70ರಷ್ಟನ್ನು ಮಾತ್ರ ಪಾಯಿಂಟಿನಲ್ಲಿ ಕಟ್ಟಬಹುದು. ಬೆಂಗಳೂರಿನಿಂದ ಶ್ರೀ ವಿಜಯಪುರಂಗೆ (2024ರವರೆಗೆ ಪೋರ್ಟ್ ಬ್ಲೇರ್) ಇಬ್ಬರಿಗೆ ಹೋಗಿಬರಲು 36,000 ಅಂತ ಬರೆದಿದ್ದೀರಿ. ಅದರಲ್ಲಿ 25,200 ರೂಪಾಯಿಯನ್ನು 50,400 ಪಾಯಿಂಟು ತೀರಿಸುತ್ತದೆ, 10,800 ಕೈಯಿಂದ. ಉಳಿದ 9,600 ಪಾಯಿಂಟು ಹೋಟೆಲ್ಲಿಗೆ ಹಾಕಿದರೆ 4,800 ಇಳಿಯುತ್ತದೆ. ಆರು ರಾತ್ರಿಗೆ 21,000 ಅಂದಿದ್ದೀರಿ, ಅಲ್ಲಿಗೆ 16,200 ಕೊಟ್ಟರಾಯಿತು. ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರ್ರಿ ದೋಣಿಗೆ ಇಬ್ಬರಿಗೂ ಸೇರಿ 7,000, ನಿಮ್ಮ ಕೋರ್ಸ್ 28,000, ಯಜಮಾನರ ಒಂದು ಡೈವ್ 5,500, ಊಟ, ಬಾಡಿಗೆ ಸ್ಕೂಟರು, ವಿಮಾನ ನಿಲ್ದಾಣಕ್ಕೆ ಬಸ್ಸು ಎಲ್ಲ ಸೇರಿ 15,000. ಒಟ್ಟು 82,500. ಮಿಕ್ಕ 12,500 ಮುಟ್ಟದೆ ಇಟ್ಟುಕೊಳ್ಳಿ. ಗಾಳಿ ಜೋರಾದರೆ ಫೆರ್ರಿ ನಿಲ್ಲಿಸುತ್ತಾರೆ, ಆಗ ಒಂದು ರಾತ್ರಿಯ ರೂಮು ಹೆಚ್ಚಿಗೆ ಬೇಕಾಗುತ್ತದೆ. ಡೈವಿಂಗ್ ಇನ್ಶೂರೆನ್ಸ್ ಕೂಡ ಇದರಲ್ಲೇ ಬರಲಿ. ಸಾಮಾನ್ಯ ಟ್ರಾವೆಲ್ ಪಾಲಿಸಿಗಳಲ್ಲಿ ಸ್ಕೂಬಾವನ್ನು ಹೊರಗಿಟ್ಟಿರುವುದು ಉಂಟು, ಓದಿ ನೋಡಿ ಆಮೇಲೆ ಕೊಳ್ಳಿ.

ಬುಕ್ ಮಾಡುವ ಮುಂಚೆ ಅದೇ ವಿಮಾನದ ದರವನ್ನು ಏರ್‌ಲೈನಿನ ಸ್ವಂತ ವೆಬ್‌ಸೈಟಿನಲ್ಲೂ ನೋಡಿ. ಬ್ಯಾಂಕಿನ ಕಡೆ ಎರಡು ಸಾವಿರ ಹೆಚ್ಚಿದ್ದರೆ ನಿಮ್ಮ 50 ಪೈಸೆ ಆಗಲೇ ಸವೆಯಿತು ಅಂತ ಲೆಕ್ಕ.

ಈಗ ಆ 21,000ದ ಕೋರ್ಸು. ಬೇಡ. ಏಳು ಸಾವಿರ ಉಳಿಸಲೇಬೇಕೆಂದಿದ್ದರೆ ರೂಮಿನಲ್ಲಿ ಉಳಿಸಿ, ಎ.ಸಿ. ಬಿಟ್ಟು ಫ್ಯಾನಿನ ರೂಮು ಹಿಡಿಯಿರಿ. ನೀರಿನೊಳಗಿನ ಹೊತ್ತನ್ನು ಮಾತ್ರ ಕಡಿಮೆ ಮಾಡಿಕೊಳ್ಳಬೇಡಿ. ನೀವು ಮಾಡಹೊರಟಿರುವ ಓಪನ್ ವಾಟರ್ ಕೋರ್ಸ್ ಅಂದರೆ 18 ಮೀಟರ್ ಆಳದವರೆಗೆ ಇಳಿಯಲು ಅರ್ಹತೆ ಕೊಡುವ ತರಬೇತಿ. ಮೊದಲು ಆಳವಿಲ್ಲದ ನೀರಿನಲ್ಲಿ ಅಭ್ಯಾಸ, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್. ಅಭ್ಯಾಸದಲ್ಲಿ ಒಂದು ಘಟ್ಟ ಬರುತ್ತದೆ: ನೀರಿನಡಿ ಮಂಡಿಯೂರಿ, ಕಣ್ಣು ಮೂಗು ಮುಚ್ಚುವ ಡೈವಿಂಗ್ ಮಾಸ್ಕಿನ ತುಂಬ ಬೇಕೆಂದೇ ನೀರು ಬಿಟ್ಟುಕೊಳ್ಳಬೇಕು. ಕಣ್ಣು ಉರಿಯುತ್ತದೆ, ಮೂಗಿಗೆ ನೀರು ತಾಗುತ್ತದೆ. ಮೇಲಕ್ಕೆ ಎದ್ದುಬಿಡೋಣ ಅಂತ ಮೈಯೆಲ್ಲ ಹೇಳುತ್ತದೆ. ಆಗ ಬಾಯಲ್ಲಿ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಕಚ್ಚಿಕೊಂಡು ಉಸಿರೆಳೆದು, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ತಲೆ ಸ್ವಲ್ಪ ಮೇಲೆತ್ತಿ, ಮೂಗಿನಿಂದ ನಿಧಾನವಾಗಿ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಗೆ ಹೋಗಿ ಎದುರಿನದೆಲ್ಲ ಮತ್ತೆ ಸ್ಪಷ್ಟವಾಗುತ್ತದೆ. ಕೆಲವರಿಗೆ ಇದು ಒಂದೇ ಸಲಕ್ಕೆ ಬರುತ್ತದೆ, ಕೆಲವರಿಗೆ ಅರ್ಧ ದಿನ ಬೇಕು. ಆ ಅರ್ಧ ದಿನ ಕೊಡುವ ತಾಳ್ಮೆ ಗುರುವಿಗೆ ಇರಬೇಕು. ಫೋನಿನಲ್ಲಿ ಕೇಳಿ: ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ? ನನಗೆ ಒಂದು ದಿನ ಹೆಚ್ಚು ಬೇಕಾದರೆ ಏನು ಮಾಡುತ್ತೀರಿ? ಇದಕ್ಕೆ ಸಮಾಧಾನವಾಗಿ ಉತ್ತರ ಕೊಡುವವರ ಹತ್ತಿರ ಹೋಗಿ.

ಪಾಠದ ಭಾಗವನ್ನು ಆನ್‌ಲೈನಿನಲ್ಲಿ ಮಂಡ್ಯದಲ್ಲೇ ಸಂಜೆ ಹೊತ್ತು ಓದಿ ಮುಗಿಸಬಹುದು. ಕೋರ್ಸಿಗೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ನಾಲೆಯಲ್ಲಿ ಈಜಿ ಅಭ್ಯಾಸ ಮಾಡುತ್ತೇನೆ ಅನ್ನಬೇಡಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಸೆಳೆತ ನಿಮಗೆ ನಾನು ಹೇಳಬೇಕಿಲ್ಲ. ಈಜುಕೊಳಕ್ಕೇ ಹೋಗಿ, ಭಾನುವಾರ ಮೈಸೂರಿಗೆ ಬರುವುದಿದ್ದರೆ ಸರಸ್ವತಿಪುರಂ ಈಜುಕೊಳವಿದೆ. ನಿಮ್ಮವರು ಮಾಡುವ ಒಂದು ಡೈವ್‌ಗೆ ಈಜು ಬರಬೇಕೆಂದಿಲ್ಲ, ಇನ್‌ಸ್ಟ್ರಕ್ಟರ್ ಜೊತೆಯಲ್ಲೇ ಇರುತ್ತಾರೆ, 12 ಮೀಟರ್ ದಾಟುವುದಿಲ್ಲ.

ಮೆಡಿಕಲ್ ಫಾರಂ ಈಗಲೇ ತರಿಸಿಕೊಂಡು ಇಬ್ಬರೂ ತುಂಬಿ ನೋಡಿ. ಉಬ್ಬಸ, ಕಿವಿ, ಹೃದಯ, ಬಿ.ಪಿ. ಎಲ್ಲ ಕೇಳಿರುತ್ತಾರೆ. ಅಗತ್ಯವಿದ್ದಲ್ಲಿ ಡಾಕ್ಟರ ಸಹಿ ಬೇಕು. ಅದನ್ನು ಟಿಕೆಟ್ ಮಾಡಿಸುವ ಮೊದಲೇ ಊರಿನಲ್ಲಿ ಪಡೆಯಿರಿ. ಅಲ್ಲಿ ಹೋದ ಮೇಲೆ ಇಳಿಸುವುದಿಲ್ಲ ಅಂದರೆ ಪಾಯಿಂಟೂ ಹೋಯಿತು, ರಜೆಯೂ ಹೋಯಿತು. ಮುಚ್ಚಿಟ್ಟು ಬರೆಯುವುದಂತೂ ಕೂಡದು, ಜೀವದ ಪ್ರಶ್ನೆ.

ದಿನಗಳನ್ನು ಹೀಗೆ ಹೊಂದಿಸಿ. ಮೊದಲ ರಾತ್ರಿ ಶ್ರೀ ವಿಜಯಪುರಂನಲ್ಲಿ, ನಾಲ್ಕು ರಾತ್ರಿ ಸ್ವರಾಜ್ ದ್ವೀಪದಲ್ಲಿ (ಹ್ಯಾವ್‌ಲಾಕ್ ಅಂತ ಈಗಲೂ ಎಲ್ಲರೂ ಕರೆಯುತ್ತಾರೆ), ಕೊನೆಯ ರಾತ್ರಿ ಮತ್ತೆ ಶ್ರೀ ವಿಜಯಪುರಂನಲ್ಲಿ. ಆ ಕೊನೆಯ ದಿನವನ್ನು ಉಳಿತಾಯದ ಹೆಸರಿನಲ್ಲಿ ಕತ್ತರಿಸಬೇಡಿ. ಒತ್ತಡದ ಗಾಳಿ ಉಸಿರಾಡಿದಾಗ ದೇಹದಲ್ಲಿ ನೈಟ್ರೋಜನ್ ಸೇರಿಕೊಳ್ಳುತ್ತದೆ, ಅದು ನಿಧಾನವಾಗಿ ಹೊರಬರಬೇಕು. ಹಲವು ಡೈವ್ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ನಾನು ಪೂರ್ತಿ ಒಂದು ದಿನ ಬಿಡಿ ಅನ್ನುತ್ತೇನೆ. ಆ ಹೊತ್ತಿನಲ್ಲಿ ಸೆಲ್ಯುಲರ್ ಜೈಲು ನೋಡಿ ಬನ್ನಿ. ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತ. ಟೀಚರ್ ಆದ ನಿಮಗೆ ಪರೀಕ್ಷೆಯ ಕಾಲ ಅಡ್ಡ ಬಂದರೆ ಏಪ್ರಿಲ್ ಮಧ್ಯಕ್ಕೆ ಇಟ್ಟುಕೊಳ್ಳಿ, ಮೇ ಕೊನೆಗೆ ತಳ್ಳಬೇಡಿ, ಮಳೆ ಹಿಡಿಯುತ್ತದೆ.

ಪ್ರಶ್ನೆ: ಅಂಡಮಾನಿಗೆ ಹೋಗುವಷ್ಟು ಪಾಯಿಂಟೂ ಇಲ್ಲ, ದುಡ್ಡೂ ಇಲ್ಲ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಬೆಳಿಗ್ಗೆ ಡೈವ್ ಮಾಡಿ ಸಂಜೆಯೇ ಮೈಸೂರಿಗೆ ಹೊರಟುಬಿಡಬಹುದೇ? — ವಿದ್ಯಾರ್ಥಿ, ಮೈಸೂರು

ಉತ್ತರ: ನೇತ್ರಾಣಿ ಒಳ್ಳೆಯ ಆಯ್ಕೆಯಪ್ಪಾ. ನಮ್ಮ ರಾಜ್ಯದಲ್ಲೇ ಇದೆ, ವಿಮಾನದ ಖರ್ಚಿಲ್ಲ. ಮಳೆಗಾಲ ಬಿಟ್ಟು ಹೋಗು. ಆದರೆ ಅದೇ ಸಂಜೆ ಹೊರಡಬೇಡ. ವಿಮಾನಕ್ಕೆ ಹೇಳಿದ ಮಾತು ಘಟ್ಟಕ್ಕೂ ಸಲ್ಲುತ್ತದೆ. 300 ಮೀಟರಿಗಿಂತ ಮೇಲೆ ಏರುವುದನ್ನು ಡೈವರ್‌ಗಳು ಲೆಕ್ಕಕ್ಕೆ ಹಿಡಿಯುತ್ತಾರೆ. ಬಸ್ಸಾಗಲಿ ರೈಲಾಗಲಿ, ಯಾವ ದಾರಿಯಲ್ಲಿ ಬಂದರೂ ಘಟ್ಟ ಹತ್ತಲೇಬೇಕು, ಮೈಸೂರು ಇರುವುದೇ 700 ಮೀಟರಿಗಿಂತ ಎತ್ತರದಲ್ಲಿ. ರಾತ್ರಿ ಅಲ್ಲೇ ಉಳಿದು ಮಾರನೆಯ ದಿನ ಹೊರಡು. ರೂಮಿನ ದುಡ್ಡನ್ನು ಈಗಲೇ ಬಜೆಟ್ಟಿಗೆ ಸೇರಿಸಿಕೋ.

ಪ್ರಶ್ನೆ: ಪಾಯಿಂಟು ಬೇಗ ಕೂಡಲಿ ಅಂತ ಮಗಳ ಮದುವೆಯ ಒಡವೆ, ಛತ್ರದ ಬಾಡಿಗೆ ಕಾರ್ಡಿನಲ್ಲಿ ಕೊಟ್ಟು, ಬಿಲ್ಲನ್ನು ಸ್ವಲ್ಪ ಸ್ವಲ್ಪ ಕಟ್ಟಿದರೆ ಹೇಗೆ? — ಗೃಹಿಣಿ, ಶ್ರೀರಂಗಪಟ್ಟಣ

ಉತ್ತರ: ದಯವಿಟ್ಟು ಬೇಡ. 150 ರೂಪಾಯಿಗೆ 4 ಪಾಯಿಂಟು ಕೊಡುವ ಕಾರ್ಡು ಅಂದುಕೊಳ್ಳಿ. ಲಕ್ಷ ರೂಪಾಯಿಗೆ ಸುಮಾರು 2,666 ಪಾಯಿಂಟು, ಪಾಯಿಂಟಿಗೆ 50 ಪೈಸೆಯಂತೆ 1,333 ರೂಪಾಯಿ. ಅದೇ ಲಕ್ಷವನ್ನು ಒಂದು ತಿಂಗಳು ಬಾಕಿ ಬಿಟ್ಟರೆ ತಿಂಗಳಿಗೆ ಶೇ. 3.5ರಂತೆ 3,500 ಬಡ್ಡಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 4,130. ಮಿನಿಮಮ್ ಡ್ಯೂ, ಅಂದರೆ ಕನಿಷ್ಠ ಇಷ್ಟಾದರೂ ಕಟ್ಟಿ ಅಂತ ಬಿಲ್ಲಿನಲ್ಲಿ ತೋರಿಸುವ ಮೊತ್ತ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಒಡವೆಗೆ ಪಾಯಿಂಟೇ ಕೊಡದ ಕಾರ್ಡುಗಳೂ ಇವೆ. ಕಾರ್ಡು ಉಜ್ಜಿದ್ದಕ್ಕೆ ಅಂಗಡಿಯವರು ಶೇ. 2 ಸೇರಿಸಿದರೆ ಇನ್ನೂ ನಷ್ಟ. ಮದುವೆಯ ದುಡ್ಡು ಖಾತೆಯಲ್ಲಿ ಸಿದ್ಧವಿದ್ದು, ಬಿಲ್ಲು ಬಂದ ದಿನ ಪೂರ್ತಿ ಕಟ್ಟುವುದಾದರೆ ಮಾತ್ರ ಛತ್ರದ ಬಾಡಿಗೆಯನ್ನು ಕಾರ್ಡಿನಲ್ಲಿ ಕೊಡಿ, ಅದೂ ಛತ್ರದವರು ಮೇಲೆ ಏನೂ ಕೇಳದಿದ್ದರೆ.