ಸಿಂಡಿಕೇಟ್ ಸಾಲದಲ್ಲಿ ಲೀಡ್ ಅರೇಂಜರ್‌ಗೆ ಏನು ಕೆಲಸ? ಬ್ಯಾಡಗಿ ಮೆಣಸಿನಕಾಯಿ ದಲಾಲರ ಹಾಗೇನಾ?

ಅರ್ಧ ಸರಿ. ಗದಗ ಕಡೆ ಗಾಳಿ ವಿದ್ಯುತ್ ಘಟಕ ಹಾಕಲು ಒಂದು ಕಂಪನಿಗೆ 600 ಕೋಟಿ ಸಾಲ ಬೇಕು ಅಂದುಕೊಳ್ಳಿ. ಅಷ್ಟೂ ದುಡ್ಡು ಕೊಡಲು ಒಂದೇ ಬ್ಯಾಂಕ್ ಹಿಂಜರಿಯುತ್ತದೆ. ಆಗ ಹಲವು ಬ್ಯಾಂಕ್‌ಗಳನ್ನು ಒಂದೇ ಕರಾರಿಗೆ ತರಲು ಕಂಪನಿ ನೇಮಿಸುವ ಬ್ಯಾಂಕೇ ಲೀಡ್ ಅರೇಂಜರ್. ಬಡ್ಡಿ, ಅವಧಿ, ಅಡಮಾನ ಎಲ್ಲ ಟರ್ಮ್ ಶೀಟ್‌ನಲ್ಲಿ, ಅಂದರೆ ಮುಖ್ಯ ಷರತ್ತುಗಳ ಪಟ್ಟಿಯಲ್ಲಿ ಕೂರಿಸಿ, ಬೇರೆ ಬ್ಯಾಂಕ್‌ಗಳನ್ನು ಕರೆದು, ವಕೀಲರಿಂದ ಪತ್ರ ಮಾಡಿಸುತ್ತದೆ. ಇದಕ್ಕೆ ಫೀಸು ಬೇರೆ.

ದಲಾಲರಿಗಿಂತ ಬೇರೆಯಾಗುವುದು ಅಂಡರ್‌ರೈಟಿಂಗ್‌ನಲ್ಲಿ. ಪೂರ್ತಿ 600 ಕೋಟಿಗೆ ತಾನೇ ಹೊಣೆ ಅಂತ ಅರೇಂಜರ್ ಒಪ್ಪಿರುತ್ತದೆ, ಉಳಿದವರು 450 ಕೋಟಿಗಷ್ಟೇ ಬರುತ್ತಾರೆ ಅನ್ನಿ. ಮಿಕ್ಕ 150 ಕೋಟಿ ಅದರ ತಲೆಗೇ! ಬೆಸ್ಟ್ ಎಫರ್ಟ್ಸ್ ಅಂತಿದ್ದರೆ, ಅಂದರೆ ಕೈಲಾದಷ್ಟು ಪ್ರಯತ್ನಿಸುತ್ತೇನೆ, ಪೂರ್ತಿ ಮೊತ್ತಕ್ಕೆ ಹೊಣೆಯಲ್ಲ ಅಂತ ಒಪ್ಪಂದವಾಗಿದ್ದರೆ, ಈ ತಲೆನೋವಿಲ್ಲ, ಫೀಸೂ ಸಾಮಾನ್ಯವಾಗಿ ಕಡಿಮೆ.

ಸಹಿ ಬಿದ್ದ ಮೇಲೆ ಅರೇಂಜರ್ ಕೆಲಸ ಬಹುತೇಕ ಮುಗಿಯಿತು. ಕಂತು ಪಡೆದು ಹಂಚುವುದು ಫೆಸಿಲಿಟಿ ಏಜೆಂಟ್ ಪಾಲಿಗೆ. ಎಷ್ಟೋ ಸಲ ಒಂದೇ ಬ್ಯಾಂಕ್ ಎರಡೂ ಆಗಿರುತ್ತದೆ, ಗೊಂದಲ ಶುರುವಾಗುವುದೇ ಅಲ್ಲಿ ಅಲ್ವಾ? ನಾಳೆ ಸಾಲ ಮುಳುಗಿದರೆ ಸುಮ್ನೆ ಅರೇಂಜರ್ ಮೇಲೆ ಹಾರುವುದು ಕಷ್ಟ. ಪ್ರತಿ ಬ್ಯಾಂಕೂ ತಾನೇ ಪರಿಶೀಲಿಸಿ ಬಂದಿದೆ ಅಂತ ಸಾಮಾನ್ಯವಾಗಿ ಕರಾರಿನಲ್ಲೇ ಬರೆದಿರುತ್ತದೆ.